ಹಳೇ ತಾರೀಕು

ಮೂರು ಸಲ ಕೂಗುತ್ತೆ, ಉದ್ದಕ್ಕೆ.
ಆಮೇಲೆ ಬರೀ ಫ್ಯಾನು ತಿರುಗುವ ಸದ್ದು.
ಪರದೆ ಕಪ್ಪಗೆ, ತೊಳೆದಿಟ್ಟ ರೊಟ್ಟಿ ಹಂಚಿನ ಹಾಗೆ.

ಪಿನ್ನು ಸಡಿಲ ಇರಬಹುದು ಅಂತ ಒತ್ತಿದೆ.
ಸ್ಟೆಬಿಲೈಜರಿನ ಮುಳ್ಳು ನೋಡಿದೆ: ನೂರಾ ಎಂಬತ್ತು.
ಕೌಲ್‌ಬಜಾರಿನ ನಮ್ಮ ಓಣಿಗೆ ಸಂಜೆ ಅಷ್ಟೇ ಬರೋದು,
ಅತ್ತಿತ್ತ ಮನೆಗಳಲ್ಲಿ ಜೀನ್ಸ್ ಹೊಲಿಯುವ ಮಷೀನುಗಳು
ಹಲ್ಲು ಕಡಿಯುವ ಹೊತ್ತು ಅದು.
ಬೆಳಗಾಗಲಿ ಅಂತ ಕಾದೆ.
ಬೆಳಗ್ಗೆಯೂ ಮೂರೇ ಕೂಗು.

ಎರ್ರಿಸ್ವಾಮಿ ಅಂಗಡಿ ಬಿಟ್ಟು ಬರಲಾರ, ಫೋನಲ್ಲೇ ಅಂದ:
‘ಮೂರು ಉದ್ದ ಅಂದ್ರೆ ರ‍್ಯಾಮ್ ಅಣ್ಣ, ಬಿಚ್ಚಿ ರಬ್ಬರ್ ಹಾಕಿ ತಿಕ್ಕು.
ಮೊದ್ಲು ವೈರ್ ಕೀಳು, ಆಮೇಲೆ ಕೈ ಹಾಕು.’
ಅವನು ಹೇಳಿ ಮುಗಿಸುವಷ್ಟರಲ್ಲಿ
ಹೊನ್ನೂರಿ ನಾಲ್ಕು ಸ್ಕ್ರೂ ಬಿಚ್ಚಿ
ಚಾ ಸಾಸರಿನಲ್ಲಿ ಹಾಕಿಟ್ಟಿದ್ದಳು.

ಒಳಗೆ ಬಳ್ಳಾರಿ ಇತ್ತು.
ಫ್ಯಾನಿನ ರೆಕ್ಕೆ ಮೇಲೆ, ವೈರುಗಳ ಸಂದಿಯಲ್ಲಿ
ಪೌಡರಿನಷ್ಟು ನುಣ್ಣಗೆ, ಕೆಂಪಗೆ.
ಸತ್ತು ಒಣಗಿದ ಹಲ್ಲಿಯೊಂದರ ಬೆನ್ನಿಗೂ ಒಂದು ಪದರ.
‘ದಿನಾ ಒರೆಸ್ತೀನಲ್ಲಪ್ಪ, ಇದೆಲ್ಲಿಂದ ಬಂತು?’

ಅವಳು ಹುಟ್ಟುವ ಮೊದಲಿನ ಧೂಳು.
ತೋರಣಗಲ್ಲು ರಸ್ತೆಯ ವೇಬ್ರಿಜ್ಜಿನದು.
ಬೀಗಮುದ್ರೆ ಬಿದ್ದಾಗ ಮೂರು ತಿಂಗಳ ಸಂಬಳದ ಬದಲು
ಈ ಡಬ್ಬ ಕೊಟ್ಟರು.
ಲೂನಾ ಹಿಂದೆ ಹಗ್ಗ ಬಿಗಿದು ತಂದಿದ್ದೆ,
ಯಾರದೋ ಮದುವೆಗೆ ಹೊರಟವನ ಹಾಗೆ.

ದವಡೆ ಹಲ್ಲು ಕಿತ್ತಂತೆ ಕಟಕ್ಕನೆ ಬಂತು ಪಟ್ಟಿ.
ಅಂಚಿನ ಚಿನ್ನದ ಗೆರೆಗಳನ್ನು
ಅವಳ ಜಾಮಿಟ್ರಿ ಬಾಕ್ಸಿನ ರಬ್ಬರಿನಲ್ಲಿ ತಿಕ್ಕಿದೆವು.
ಉದುರಿದ ಎಳೆ ಮೊದಲು ಬೂದಿ, ಆಮೇಲೆ ಕೆಂಪು.
‘ಹಿಂಗ್ ತಿಕ್ಕಿದ್ರೆ ಒಳಗಿರೋದೆಲ್ಲ ಅಳಿಸಿ ಹೋಗಲ್ವಾ?’
‘ಅದ್ರಾಗೆ ಏನೂ ನಿಲ್ಲಲ್ಲ. ಕರೆಂಟು ಹೋದ ಕೂಡ್ಲೆ ಮರ್ತುಬಿಡ್ತೈತೆ.’
ಪುಣ್ಯವಂತ ಅಂತ ಮನಸ್ಸಲ್ಲೇ ಅಂದುಕೊಂಡೆ.

ಸ್ವಿಚ್ಚು ಹಾಕಿದೆ. ಒಂದೇ ಕೂಗು, ಗುಬ್ಬಿಯದು.
ಕಪ್ಪಿನ ಮೇಲೆ ಬಿಳಿ ಅಕ್ಷರ:
ಏನೋ ತಪ್ಪಿದೆ, ಎಫ್ ಒಂದು ಒತ್ತಿ.
ಮೂಲೆಯಲ್ಲಿ ತಾರೀಕು, ಜನವರಿ ಒಂದು, ಎರಡು ಸಾವಿರದ ಒಂಬತ್ತು.
ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿದೆ, ಅಷ್ಟೇ.
ಅವಳಿಗೆ ನಗು ತಡೆಯಲಿಲ್ಲ:
‘ಅಪ್ಪಾ, ಇದರ ಲೆಕ್ಕದಾಗ ನಾನಿನ್ನೂ ಹುಟ್ಟೇ ಇಲ್ಲ!’

ಮೂವತ್ತು ರೂಪಾಯಿ ಹಿಡಿದು ಬ್ಯಾಟರಿಗೆ ಓಡಿದಳು.

ಆ ನೀಲಿ ಪುಟದ ದಾರಿ ಬೆರಳಿಗೆ ಇನ್ನೂ ಬಾಯಿಪಾಠ.
ಒಂದು ಪರ್ಮಿಟ್ಟಿಗೆ ಒಂದು ದಿನ ಆಯಸ್ಸು;
ಸಾಲು ನಿಂತ ಲಾರಿ ಕೊನೆ ಕಾಣುತ್ತಿರಲಿಲ್ಲ.
ಹನ್ನೆರಡು ಹೊಡೆಯುವ ಮುಂಚೆ
ಇದೇ ಪುಟ ತೆಗೆದು, ಇದೇ ಕೀಲಿ ಒತ್ತಿ
ದಿನವನ್ನು ಹಿಂದಕ್ಕೆ ದಬ್ಬುತ್ತಿದ್ದೆ.
ಸಲಕ್ಕೆ ಐವತ್ತು ರೂಪಾಯಿ, ಒಂದು ಖಾರಾಮಂಡಕ್ಕಿ.
ತೂಕದ ಚೀಟಿಯನ್ನು ಡ್ರೈವರ್ ಹುಲುಗಪ್ಪ
ಓದದೆಯೇ ಮಡಚಿ ಬನೀನೊಳಗೆ ಇಡುತ್ತಿದ್ದ.
ಬೆಳಗಿನ ಜಾವ ಹೊರಗೆ ಬಂದರೆ
ಊರಿಗೆಲ್ಲ ಬುಧವಾರ,
ನನಗೂ ಗುಡ್ಡಕ್ಕೂ ಇನ್ನೂ ಮಂಗಳವಾರ.

ಬಂದಳು. ಉಗುರಲ್ಲಿ ಹಳೇ ಬಿಲ್ಲೆ ಎಬ್ಬಿಸಿ ಹೊಸದು ಕೂರಿಸಿದಳು.
‘ಇವತ್ತಿನ ತಾರೀಕು ಹೇಳಪ್ಪ.’
ಹೇಳಿದೆ. ಗೋಡೆಯ ಕ್ಯಾಲೆಂಡರ್ ನೋಡಿ ಇನ್ನೊಂದು ಸಲ ಹೇಳಿದೆ.
ಗಂಟೆ? ಹೇಳಿದೆ. ನಿಮಿಷ ಕೇಳಿದಾಗ
ಫೋನು ತೆಗೆದು, ಮುಳ್ಳು ದಾಟುವ ತನಕ ಕಾದು ಹೇಳಿದೆ.

ಪರದೆ ತುಂಬ ಬೆಳಕು ಬಂತು.
ತನ್ನ ಪ್ರಾಜೆಕ್ಟಿಗೆ ಜಾಗ ಸಾಲದು ಅಂತ
ಹಳೇ ಫೈಲು ಒಂದೊಂದೇ ತೆರೆದು ನೋಡುತ್ತಿದ್ದಾಳೆ.
ನಾನು ಸಾಸರಿನ ಸ್ಕ್ರೂ ಎಣಿಸುತ್ತಿದ್ದೇನೆ, ಮೂರಿವೆ,
ನಾಲ್ಕನೆಯದು ಎಲ್ಲಿ ಉರುಳಿತೋ.

‘ಅಪ್ಪ, ಇಲ್ಲಿ ನೋಡು.
ಒಂದೇ ಮಂಗಳವಾರ
ನಾಕ್ನೂರ ಹನ್ನೆರಡು ಲಾರಿ ಹೆಂಗ್ ದಾಟಿದ್ವು?’

ಮೇಜಿನ ಕೆಳಗೆ ಬಗ್ಗಿದ್ದೇನೆ.
ಅಂಗೈ ತುಂಬ ಕೆಂಪು.
ಸಿಕ್ಕಿತು ಸ್ಕ್ರೂ. ಇನ್ನೂ ಎದ್ದಿಲ್ಲ.